ಲೆನ್ಸಿಗೆ ಅಡ್ಡ ಹಿಡಿದ ಕೈ

ನಾನು ಬೆಳ್ತಂಗಡಿಯ ಟೆಂಟ್ ಸಿನಿಮಾದಲ್ಲಿ ಮೆಶಿನ್ ನಡೆಸುತ್ತಿದ್ದಾಗ ಒಂದು ತಮಾಷೆಯ ಚಿತ್ರ ಬಂದಿತ್ತು. ಅದರಲ್ಲಿ ಒಬ್ಬ ಬ್ಯಾರಿ, ಅಂದರೆ ನಮ್ಮ ಕರಾವಳಿಯ ಮುಸ್ಲಿಂ ವ್ಯಾಪಾರಿ, ನಗುತ್ತಾ ಬಂದು, ತಪ್ಪು ತಪ್ಪು ಕನ್ನಡ ಮಾತಾಡಿ, ಪೆಟ್ಟು ತಿಂದು ಓಡುತ್ತಾನೆ. ಜನ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕಿದ್ದೆ.

ಮೊದಲ ದಿನ ಆಟ ಮುಗಿದ ಮೇಲೆ ಲಾಯಿಲದ ಒಣಮೀನಿನ ವ್ಯಾಪಾರಿ ಮೋನು ಬ್ಯಾರಿ ನನ್ನ ಬಳಿ ಬಂದರು.

"ನಾಳೆ ಉಮ್ಮನನ್ನು ಕರಕೊಂಡು ಬರ್ತೇನೆ. ಅವರು ಇಷ್ಟರವರೆಗೆ ಸಿನಿಮಾ ನೋಡಿದವರಲ್ಲ. ಆ ಬ್ಯಾರಿಗೆ ಹೊಡೆಯುವುದು ಅವರಿಗೆ ಕಾಣದ ಹಾಗೆ ಮಾಡ್ಲಿಕ್ಕೆ ಆಗ್ತದಾ?" ಎಂದು ಮೆಲ್ಲಗೆ ಕೇಳಿದರು. ನನಗೆ ಅವರ ಮುಖ ನೋಡಲಾಗಲಿಲ್ಲ.

ಮರುದಿನ ಆ ಭಾಗ ಬಂದಾಗ ಸೌಂಡು ತಗ್ಗಿಸಿ, ಲೆನ್ಸಿಗೆ ಅಂಗೈ ಅಡ್ಡ ಹಿಡಿದೆ. ಜನ ಸಿಳ್ಳೆ ಹಾಕಿದರು. ಮಾಲೀಕರು ಓಡಿ ಬಂದು ಬೈದರು. ಪೆಟ್ಟು ಮುಗಿಯುವವರೆಗೆ ನಾನು ಕೈ ತೆಗೆಯಲಿಲ್ಲ.

ಆಟ ಬಿಟ್ಟಾಗ ಮೋನು ಬ್ಯಾರಿಯ ಮುದಿ ತಾಯಿ ಮಗನ ಕೈ ಹಿಡಿದು ನನ್ನ ಬಳಿಗೇ ಬಂದರು.

"ನಮ್ಮವರ ಹಾಗೆ ಟೋಪಿ ಹಾಕಿದ ಒಬ್ಬ ಬಂದನಲ್ಲ ಮಗಾ, ಚಂದದವನು. ಅವನು ಮತ್ತೆ ಎಲ್ಲಿ ಹೋದ?" ಎಂದು ತುಳುವಿನಲ್ಲಿ ಕೇಳಿದರು.

ಮೋನು ಬ್ಯಾರಿ ನನ್ನನ್ನೇ ನೋಡಿದರು.

"ವ್ಯಾಪಾರಕ್ಕೆ ಘಟ್ಟ ಹತ್ತಿದ, ಉಮ್ಮ" ಎಂದೆ.

"ಊಟ ಮಾಡಿ ಹೋದನಾ?"

"ಮಾಡಿಯೇ ಹೋದ."

ನಾನು ಸಿನಿಮಾಕ್ಕೆ ಕತೆ ಬರೆದದ್ದು ಅದೊಂದೇ ಸಲ.