ಕೈಬಿಟ್ಟ ನಾನೂರಾ ಇಪ್ಪತ್ತೊಂದು

ತಾವರಗೇರಾದ ಗಾದಿಲಿಂಗಪ್ಪ ಮೂವತ್ತನಾಲ್ಕು ವರ್ಷ ಸರ್ವೆ ಇಲಾಖೆಯಲ್ಲಿ ಬಾಂದು ಜವಾನನಾಗಿದ್ದವನು. ಹೊಲಗಳ ನಡುವೆ ಸರಪಳಿ ಎಳೆಯುವುದು, ಗಡಿಕಲ್ಲು ನೆಡುವುದು, ಹರಿದ ನಕಾಶೆಗಳನ್ನು ಹೊಸ ಹಾಳೆಗೆ ಇಳಿಸುವುದು ಅವನ ಕೆಲಸ. ತಾನು ಇಳಿಸಿದ ನಕಾಶೆಯಲ್ಲಿ ತಪ್ಪು ಹಿಡಿಯುವ ಗಂಡಸು ಕುಷ್ಟಗಿ ತಾಲೂಕಿನಲ್ಲೇ ಹುಟ್ಟಿಲ್ಲ ಎಂಬ ಜಂಬ ಬೇರೆ. ಜಂಬಕ್ಕೆ ಕಾರಣವೂ ಇತ್ತು ಅನ್ನಿ.

ನಿವೃತ್ತನಾದ ಮೇಲೆ ಒಂದು ದಿನ ಪಕ್ಕದ ಮನೆಯ ಸಬೀನಾ, ಹೈಸ್ಕೂಲ್ ಮೇಡಂ, ಮೂರು ಹಳೆಯ ನಕಾಶೆಗಳ ಜೆರಾಕ್ಸ್ ತಂದಳು.

"ಕಾಕಾ, ಇವನ್ನ ಬಟ್ಟಿ ಮ್ಯಾಲ ದೊಡ್ಡದಾಗಿ ಬರದು ಕೊಡ್ರಿ. ಸೋಮವಾರ ಹುಡುಗರಿಗೆ ಹಿಟ್ಲರನ ಪಾಠ ಐತಿ."

ಮೊದಲ ನಕಾಶೆಯಲ್ಲಿ ಜರ್ಮನಿ ತನ್ನಷ್ಟಕ್ಕೆ ತಾನಿತ್ತು. ಐದು ವರ್ಷದ ನಂತರದ ಎರಡನೆಯದರಲ್ಲಿ ಅಕ್ಕಪಕ್ಕದ ದೇಶಗಳನ್ನು ನುಂಗಿ ರಷ್ಯಾದ ಒಳಗೆ ಹೊಕ್ಕಿತ್ತು. ಗಾದಿಲಿಂಗಪ್ಪ ಕುಂಚ ಕೆಳಗಿಟ್ಟ.

"ಯಪ್ಪಾ! ಒಂದು ಕಲ್ಲು ಗೇಣು ಸರದ್ರ ನಮ್ಮಲ್ಲಿ ಅಣ್ತಮ್ಮರು ತಲಿ ಒಡಕೋತಾರ. ಇವ ದೇಶದೇಶದ ಗಡೀನ ಕಿತ್ತಾನಲ್ಲ!"

"ನಿಮಗ ಸರಪಳಿ ಹುಚ್ಚು ಇನ್ನೂ ಬಿಟ್ಟಿಲ್ಲ" ಎಂದು ಹೆಂಡತಿ ಯಂಕವ್ವ ನಕ್ಕಳು.

ಮೂರನೆಯದರಲ್ಲಿ ಅಲ್ಲಲ್ಲಿ ಉದ್ದನೆಯ ಪೆಟ್ಟಿಗೆಗಳು, ಪಕ್ಕದಲ್ಲಿ ಅಂಕಿ. ಗಡಿಕಲ್ಲು, ಹೊಲದ ಅಳತೆ ಎಂದುಕೊಂಡ. ಜಾಗ ಇಕ್ಕಟ್ಟಾದರೆ ಎಕರೆ, ಗುಂಟೆ ಬರೆದು, ಗುಂಟೆಯ ಹದಿನಾರನೇ ಪಾಲಾದ ಆಣೆಯನ್ನು ಬಿಟ್ಟುಬಿಡುವುದು ಅವನ ಕೈಗೆ ಹತ್ತಿದ ರೂಢಿ. ಹಾಗೇ 1,36,421 ಎಂದಿದ್ದಲ್ಲಿ 1,36,000 ಬರೆದ.

ಭಾನುವಾರ ಮಧ್ಯಾಹ್ನ ಬಂದ ಸಬೀನಾಗೆ, ಕಲ್ಲು ಎಲ್ಲಾ ಇಳಿಸಿದ್ದೇನೆ, ಆಣೆಯಷ್ಟೇ ಬಿಟ್ಟಿದ್ದೇನೆ ಎಂದು ಬಟ್ಟೆ ತೋರಿಸಿದ.

"ಕಾಕಾ, ಇವು ಕಲ್ಲಲ್ಲರಿ, ಹೆಣದ ಪೆಟ್ಟಿಗಿ. ಯಾವ ಸೀಮ್ಯಾಗ ಎಷ್ಟು ಯಹೂದ್ಯರನ್ನ ಕೊಂದ್ವಿ ಅಂತ ಹಿಟ್ಲರನ ಅಧಿಕಾರಿಗಳೇ ಬರದು ಮ್ಯಾಲಿನವರಿಗೆ ಕಳಿಸಿದ ನಕಾಶಿ ಇದು."

ಸರ್ಕಾರಿ ನಕಾಶೆ ಎಂದರೆ ಗಾದಿಲಿಂಗಪ್ಪನಿಗೆ ದೇವರ ಪಟದಷ್ಟೇ ಗೌರವ. ಅದರಲ್ಲಿ ಹೀಗೂ ಬರೆಯುತ್ತಾರೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ.

"ಹಂಗಾದ್ರ ನಾ ಬಿಟ್ಟ ಆಣೆ?"

"ನಾನೂರಾ ಇಪ್ಪತ್ತೊಂದು ಮಂದಿ. ಇರ್ಲಿ ಬಿಡ್ರಿ ಕಾಕಾ, ಪಾಠ ನಾಳೇನ ಐತಿ. ಹುಡುಗರಿಗೆ ಅಂದಾಜು ತಿಳಿದ್ರ ಸಾಕು."

"ಏನ್ ಸಾಕು?" ಅವನು ಸಿಡುಕಿದ. "ನಮ್ಮ ಓಣಿ, ಹಿಂದಿನ ಓಣಿ ಕೂಡಿದ್ರೂ ಅಷ್ಟು ಮಂದಿ ಆಗಂಗಿಲ್ಲ. ಕೊಂದವರು ಒಬ್ಬನ್ನೂ ಬಿಡದಂಗ ಎಣಸ್ಯಾರ. ನಾ ಬಿಡ್ಲೇನು?"

ಬಣ್ಣ ಒಣಗಿತ್ತು, ಅಳಿಸುವಂತಿರಲಿಲ್ಲ. ಯಂಕವ್ವ ಅವನ ಹೊಸ ಧೋತರ ತಂದು ಪಡಸಾಲೆಯಲ್ಲಿ ಹಾಸಿದಳು. ಅವನು ಮೊದಲಿನಿಂದ ಶುರು ಮಾಡಿದ. ಆ ಪೆಟ್ಟಿಗೆಯ ಪಕ್ಕ 1,36,42 ಎನ್ನುವವರೆಗೆ ಬರೆದು, ಕೊನೆಯ ಒಂದರ ಹತ್ತಿರ ಕುಂಚ ನಿಲ್ಲಿಸಿದ.

"ಇವನ ಹೆಸರು ಏನಿತ್ತೋ ಏನೋ" ಎಂದ.