ಕಣ್ಣಾರೆ ಕಂಡವರು

ಹಳೆಯ ಕಾಗದದ ನಡುವಿನಿಂದ ಲವಂಗದ ವಾಸನೆ ಬಂದರೆ ವಿಟ್ಲದ ಮನೆಯ ಚಾವಡಿ ಇಂದಿಗೂ ನನ್ನ ಕಣ್ಣ ಮುಂದೆ ನಿಲ್ಲುತ್ತದೆ. ಹುಳ ಹಿಡಿಯಬಾರದೆಂದು ಅಜ್ಜ ತಮ್ಮ ಅರಬಿ ಕಿತಾಬುಗಳಲ್ಲಿ ಲವಂಗ ಇಡುತ್ತಿದ್ದರು. ಸಂಜೆಗೆ ಮುಂಚಿನ ನಮಾಜು ಮುಗಿಸಿ ಅವರು ಚಾಪೆಯ ಮೇಲೆ ಕೂತರೆ ನಾನೂ ತಮ್ಮ ರಫೀಕನೂ ಎರಡು ಮಗ್ಗುಲಿಗೆ ಅಂಟಿಕೊಳ್ಳುತ್ತಿದ್ದೆವು. ಅಜ್ಜ ಹೇಳುತ್ತಿದ್ದ ಹಾಗೆ, ಹಿಂದಿನ ಕಾಲದ ಪಂಡಿತರು ಪ್ರವಾದಿಯವರ ಒಂದು ಮಾತು ನಿಜವೋ ಎಂದು ತಿಳಿಯಲು ತಿಂಗಳುಗಟ್ಟಲೆ ಮರಳುಗಾಡು ದಾಟಿ ಹೋಗುತ್ತಿದ್ದರಂತೆ. ನಿನಗೆ ಯಾರು ಹೇಳಿದರು, ಅವರಿಗೆ ಯಾರು ಹೇಳಿದರು ಎಂದು ಕೊಂಡಿ ಕೊಂಡಿಯಾಗಿ ವಿಚಾರಿಸುತ್ತಿದ್ದರಂತೆ. ಒಂದು ಕೊಂಡಿ ಕಳಚಿದ್ದರೂ ಆ ಮಾತನ್ನು ಬದಿಗಿಡಬೇಕೆನ್ನುವುದು ಅಜ್ಜನ ಉಪದೇಶ. ನಮ್ಮ ಮನೆಯಲ್ಲಿ ಚಾಡಿ ನಡೆಯುತ್ತಿರಲಿಲ್ಲ. ಪಕ್ಕದವನು ಹಲಸು ಕದ್ದನೆಂದು ರಫೀಕ್ ಓಡಿಬಂದಾಗಲೂ ಅಜ್ಜ ಮೆಲ್ಲಗೆ ಕೇಳಿದ್ದು ಇಷ್ಟೇ: “ನೀನು ಕಣ್ಣಾರೆ ಕಂಡದ್ದಾ? ಅಲ್ಲದಿದ್ದರೆ ಯಾರು ಕಂಡದ್ದು?” ಕಾಲಾಂತರದಲ್ಲಿ ಅಜ್ಜ ತೀರಿಹೋದರು. ರಸ್ತೆ ಅಗಲ ಮಾಡುವಾಗ ಮನೆಯೂ ಹೋಯಿತು.

ಕಳೆದ ವರ್ಷದ ಒಂದು ಮಧ್ಯಾಹ್ನ, ಬೆಳ್ತಂಗಡಿಯ ನನ್ನ ಮನೆಯಲ್ಲಿ, ಮಗಳು ಶಾಲೆಯಿಂದ ಬರುವ ಹೊತ್ತು ಮೀರಿತ್ತು. ನೆರೆಮನೆಯ ಶಾರದಕ್ಕ ವಾಟ್ಸಾಪಿನಲ್ಲಿ ಒಂದು ಫೋಟೊ ಕಳಿಸಿದರು. ಹೆಗಲ ಮೇಲೆ ಕಂಬಳಿಗಳ ಕಟ್ಟು ಹೊತ್ತ ಒಬ್ಬ ಮನುಷ್ಯ. ಮಕ್ಕಳ ಕಳ್ಳ, ನಮ್ಮ ಕಡೆಯೇ ತಿರುಗುತ್ತಿದ್ದಾನೆ ಎಂದು ಕೆಳಗೆ ಬರೆದಿತ್ತು. ಗೇಟಿನ ತನಕ ಓಡಿ ರಸ್ತೆ ನೋಡಿದೆ, ಮಗಳಿಲ್ಲ. ಪೂರ್ತಿ ಓದುವ ಮೊದಲೇ ಅದನ್ನು ಮುಂಡಾಜೆಯಲ್ಲಿ ಅಂಗಡಿ ಇಟ್ಟಿರುವ ರಫೀಕನಿಗೆ ಕಳಿಸಿಬಿಟ್ಟೆ.

ಹತ್ತು ನಿಮಿಷದಲ್ಲಿ ಮಗಳು ಬಂದಳು. ಬಸ್ಸು ತಡವಾಗಿತ್ತು, ಅಷ್ಟೆ. ಅವಳ ಬೆನ್ನಿಗೇ ರಫೀಕನ ಫೋನು. “ಅಕ್ಕ, ನೀನು ಕಳಿಸಿದ ಫೋಟೊದ ಜನ ಇಲ್ಲೇ ಉಂಟು. ಬಸ್‌ಸ್ಟ್ಯಾಂಡಿನಲ್ಲಿ ಹಿಡಿದಿದ್ದಾರೆ.” ಅವನ ಹಿಂದೆ ಗದ್ದಲ, ನಡುವೆ ಒಬ್ಬನ ಆರ್ತಸ್ವರ. ಆಗ ಹುಟ್ಟಿದ ಹೆದರಿಕೆಯ ಮುಂದೆ ಮೊದಲಿನದು ಏನೂ ಅಲ್ಲ.

ಶಾರದಕ್ಕನನ್ನು ಕೇಳಿದೆ. ಬಂಟ್ವಾಳದ ನಾದಿನಿ ಕಳಿಸಿದ್ದು ಎಂದರು. ನಾದಿನಿಗೆ ಕಳಿಸಿದ್ದು ಮೂಡಬಿದಿರೆಯ ಗೆಳತಿ; ನಂಬರು ಪಡೆದು ಅವಳಿಗೂ ಫೋನು ಮಾಡಿದೆ. ಒಂದೊಂದು ರಿಂಗಿಗೂ ಅಲ್ಲಿ ಒಂದೊಂದು ಏಟು ಬೀಳುತ್ತಿರಬಹುದೆನಿಸುತ್ತಿತ್ತು. “ಅಯ್ಯೋ, ನಾನು ನೋಡಿದ್ದಲ್ಲ ಮಾರಾಯ್ತಿ,” ಎಂದಳು ಆ ಗೆಳತಿ. “ಯಾವುದೋ ಗ್ರೂಪಿನಲ್ಲಿ ಬಂದದ್ದು. ಜಾಗ್ರತೆಗೆ ಅಂತ ಕಳಿಸಿದ್ದು.”

ರಫೀಕ್ ಎರಡನೆಯ ಸಲಕ್ಕೆ ಫೋನು ಎತ್ತಿದ. “ಯಾರು ಕಂಡದ್ದು ಅಂತ ಕೇಳು,” ಎಂದೆ. ಅವನು ಜನರನ್ನು ಸರಿಸಿಕೊಂಡು ಹೋಗುವ ಸದ್ದು. ಆಮೇಲೆ ಅವನ ಕೂಗು ಕೇಳಿಸಿತು: “ಇವನು ಮಗು ಕದ್ದದ್ದು ಯಾರು ಕಂಡದ್ದು? ಮುಂದೆ ಬನ್ನಿ!”

“ಫೋಟೊ ಉಂಟಲ್ಲ,” ಎಂದರು ಯಾರೋ.

“ನನಗೆ ಫೋಟೊ ಕಳಿಸಿದ್ದು ನನ್ನ ಅಕ್ಕ. ಅವಳೂ ಕಂಡಿಲ್ಲ!”

ಯಾರೂ ಮುಂದೆ ಬರಲಿಲ್ಲ. ರಫೀಕ್ ಆ ಕಂಬಳಿ ಮಾರುವವನನ್ನು ಅಂಗಡಿಯೊಳಗೆ ಎಳೆದುಕೊಂಡು ಶಟರ್ ಹಾಕಿದ. ಪೊಲೀಸರು ಬರುವ ತನಕ ಹೊರಗಿನವರು ಅದನ್ನು ಬಡಿಯುತ್ತಲೇ ಇದ್ದರಂತೆ.

ಮರುದಿನ ಆಸ್ಪತ್ರೆಗೆ ಹೋದೆ. ಕಂಬಳಿಯವನ ಹಣೆಗೆ ಹೊಲಿಗೆ ಬಿದ್ದಿತ್ತು. ಆ ಫೋಟೊ ಕಳಿಸಿದವರಲ್ಲಿ ನಾನೂ ಒಬ್ಬಳು, ಮಗಳು ಬರುವುದು ತಡವಾಗಿತ್ತು ಎಂದೆ. ಅವನು ಹರಕು ಕನ್ನಡದಲ್ಲಿ ಕೇಳಿದ: “ಮಗಳು ಮನೆಗೆ ಬಂದಳಾ?”

ಬಂದಳು ಎಂದೆ. ಹಿಂದಿರುಗುವ ಬಸ್ಸಿನಲ್ಲಿ, ಇದನ್ನೆಲ್ಲ ಒಪ್ಪಿಸಿ ತಲೆ ತಗ್ಗಿಸಿ ನಿಲ್ಲಲು ಅಜ್ಜನಿಲ್ಲ, ನನಗೆ ಹಿರಿಯರೆಂದು ಯಾರೂ ಉಳಿದಿಲ್ಲವಲ್ಲ ಎಂದು ಮೊದಲ ಸಲ ಅತ್ತೆ.