ಸಾಕಲು ಕೊಟ್ಟ ಕಡಸುಗಳು

2024ರ ಬೇಸಿಗೆಯಲ್ಲಿ ನಾನು ಯಲ್ಲಾಪುರ ತಾಲೂಕಿನ ಕಿರವತ್ತಿ ಭಾಗದ ಪಶುವೈದ್ಯಾಧಿಕಾರಿಯಾಗಿದ್ದೆ. ನಿವೃತ್ತಿಗೆ ಒಂದು ವರ್ಷ ಉಳಿದಿತ್ತು. ಹುಟ್ಟಿ ಬೆಳೆದದ್ದು ಹಾಸನದ ಕಡೆ. ಹಾಗಾಗಿ ಯಲ್ಲಾಪುರದಿಂದ ಪೂರ್ವಕ್ಕೆ ಹೋದರೆ ಒಂದು ಕನ್ನಡ, ಶಿರಸಿಯ ಕಡೆ ತಿರುಗಿದರೆ ಇನ್ನೊಂದು ಕನ್ನಡ ಎನ್ನುವುದು ನನಗೆ ಕೊನೆಯವರೆಗೂ ಮೋಜಿನ ಸಂಗತಿಯೇ ಆಗಿತ್ತು. ಆ ಮೋಜು ಒಂದು ಕುಟುಂಬದ ಕುತ್ತಿಗೆಗೆ ಬಂದ ಪ್ರಸಂಗವಿದು.

ಫೀಡ್‌ಲಾಟ್ ಎಂಬ ಪದವನ್ನು ನಾನು ಓದುವಾಗ ಪುಸ್ತಕದಲ್ಲಷ್ಟೇ ಕಂಡಿದ್ದೆ. ನೂರಾರು ರಾಸುಗಳನ್ನು ಒಂದೇ ಆವರಣದಲ್ಲಿಟ್ಟು, ಹೊರಗೆ ಮೇಯಲು ಬಿಡದೆ, ಮೇವನ್ನು ಬಾಯಿಯ ಬಳಿಗೇ ತಂದು ಹಾಕಿ, ಬೆಳೆಸಿ ಮಾರುವ ಪರದೇಶದ ಪದ್ಧತಿ ಅದು. ಕಿರವತ್ತಿಯ ಹೆದ್ದಾರಿಯಿಂದ ಸ್ವಲ್ಪ ಒಳಗೆ ಬಸವಣ್ಣೆಪ್ಪ ಮತ್ತು ನೀಲವ್ವ ಎಂಬ ರೈತ ದಂಪತಿ ನಡೆಸುತ್ತಿದ್ದದ್ದು ಅದರ ಬಡ ತಂಗಿ. ಜನ ಅದನ್ನು ದಡ್ಡಿ ಎಂದೇ ಕರೆಯುತ್ತಿದ್ದರು. ಇವರು ಸಾಕುತ್ತಿದ್ದದ್ದು ಮಿಶ್ರತಳಿಯ ಹೆಣ್ಣುಗರುಗಳನ್ನು. ಆರೆಂಟು ತಿಂಗಳ ಕರುವನ್ನು ತಂದು, ಗೋವಿನಜೋಳದ ರಸಮೇವು ಹಾಕಿ ಕಡಸಾಗಿಸಿ, ಗರ್ಭ ಕಟ್ಟಿಸಿ, ಹಾಲಿನ ದನ ಬೇಕಾದವರಿಗೆ ಮಾರುವುದು ಅವರ ಕಸುಬು. ರಸಮೇವು ಎಂದರೆ ಹಸಿ ದಂಟನ್ನು ಕತ್ತರಿಸಿ, ಗಾಳಿಯಾಡದಂತೆ ಗುಂಡಿಯಲ್ಲಿ ಒತ್ತಿ ಹುಳಿ ಬರಿಸಿದ ಮೇವು. ಸಾಕಿ ದೊಡ್ಡದು ಮಾಡುವಷ್ಟು ಪುರುಸೊತ್ತು ತೋಟದ ಮನೆಗಳಲ್ಲಿ ಈಗ ಇಲ್ಲ. ಕರುವನ್ನು ಕೊಟ್ಟು, ಒಂದೆರಡು ವರ್ಷ ಬಿಟ್ಟು ಗಬ್ಬದ ದನವನ್ನೇ ತರುವುದು ಅವರಿಗೂ ಸಲೀಸು. ದಡ್ಡಿಗೆ ಬೇರೆ ಕಡೆಗಳ ಕರುಗಳ ಜೊತೆ ಮೂರು ವರ್ಷಗಳಿಂದ ಶಿರಸಿ, ಸಿದ್ದಾಪುರದ ಕರುಗಳೂ ಬರತೊಡಗಿದ್ದವು.

ತಿಂಗಳಿಗೊಮ್ಮೆ ನಾನು ಅಲ್ಲಿಗೆ ಹೋಗಿ ಲಸಿಕೆ, ಕಿವಿಯೋಲೆ, ಗರ್ಭಪರೀಕ್ಷೆ ಮುಗಿಸಿ ಮೂರು ಅಂಕಿ ಬರೆದುಕೊಳ್ಳುತ್ತಿದ್ದೆ. ಒಳಬಂದದ್ದು ಎಷ್ಟು, ಹೊರಹೋದದ್ದು ಎಷ್ಟು, ಉಳಿದದ್ದು ಎಷ್ಟು. ಇಂಥ ಜಾಗದ ನಾಡಿ ಸಿಗುವುದು ಈ ಮೂರರಲ್ಲೇ. ಒಳಬರುವುದು ಹೆಚ್ಚಿ ಹೊರಹೋಗುವುದು ನಿಂತರೆ ಮೇವು ಖಾಲಿಯಾಗುತ್ತದೆ, ಪ್ರಾಯ ಮೀರಿದ ಕಡಸುಗಳು ಬೊಜ್ಜು ಕಟ್ಟುತ್ತವೆ. ಬೊಜ್ಜು ಕಟ್ಟಿದ ಕಡಸು ಸುಲಭಕ್ಕೆ ಗಬ್ಬವಾಗುವುದಿಲ್ಲ. ಆಮೇಲೆ ಅದನ್ನು ಕೇಳುವವರೂ ಇಲ್ಲ.

ಆ ವರ್ಷ ಆದದ್ದು ಅದೇ. ಹಿಂದಿನ ಮಳೆಗಾಲದಿಂದ ಹೊರಹೋಗುವ ಅಂಕಿ ಇಳಿಯುತ್ತ ಬಂದು ಬೇಸಿಗೆಯ ಹೊತ್ತಿಗೆ ಒಂದು, ಎರಡಕ್ಕೆ ನಿಂತಿತ್ತು. ಶಿರಸಿಯಲ್ಲಿ ನಡೆದ ಒಂದು ಸಭೆಯಲ್ಲಿ ನಾನು ಇದನ್ನು ಪ್ರಸ್ತಾಪಿಸಿದೆ. ಕಾರಣ ಹೇಳುವುದಕ್ಕೆ ಬರವೇ? ಚರ್ಮಗಂಟು ರೋಗ ಬಂದುಹೋದ ಮೇಲೆ ಜನ ಹೊಸ ದನ ತರಲು ಹೆದರುತ್ತಾರೆ ಎಂದರು ಒಬ್ಬರು. ಸಗಣಿ ಬಾಚುವವರಿಲ್ಲ, ಕೊಟ್ಟಿಗೆಗಳೆಲ್ಲ ಕಾರು ನಿಲ್ಲಿಸುವ ಜಾಗವಾಗುತ್ತಿವೆ ಎಂದರು ಇನ್ನೊಬ್ಬರು. ಮೂರನೆಯವರು ಪರದೆಯ ಮೇಲೆ ಗೆರೆ ಎಳೆದು, ಗೆರೆ ಇಳಿಯುತ್ತಿರುವುದನ್ನು ಗೆರೆಯಿಂದಲೇ ಸಾಬೀತುಪಡಿಸಿದರು. ಚಹಾ ಮಾತ್ರ ಚೆನ್ನಾಗಿತ್ತು.

ಏಪ್ರಿಲ್ ಕೊನೆಯಲ್ಲಿ ದಡ್ಡಿಗೆ ಹೋದಾಗ ನನಗೆ ನಿಜಕ್ಕೂ ಗಾಬರಿಯಾಯಿತು. ನಲವತ್ತು ರಾಸುಗಳ ಜಾಗದಲ್ಲಿ ಐವತ್ತಕ್ಕೂ ಹೆಚ್ಚು ನಿಂತಿದ್ದವು. ಎರಡು ರಸಮೇವಿನ ಗುಂಡಿಗಳಲ್ಲಿ ಒಂದು ಬರಿದು, ಇನ್ನೊಂದು ಅರ್ಧ. ಹೊಸ ಮೇವು ಕೈಗೆ ಬರಲು ಮಳೆ ಹಿಡಿದು ಎರಡು ತಿಂಗಳಾದರೂ ಬೇಕು. ನೀಲವ್ವ ತನ್ನ ಸ್ವಂತ ಕರಾವಿನ ಆಕಳನ್ನು ಕೊಟ್ಟಿಗೆಯಿಂದ ಹೊರಗೆ ಕಟ್ಟಿ ಮೈ ತೊಳೆಯುತ್ತಿದ್ದಳು. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ, ಏಕೆ ತೊಳೆಯುತ್ತಿದ್ದೀರಿ ಎಂದು ಕೇಳಿದೆ. ನಾಳೆ ಅದನ್ನು ನೋಡಲು ಗಿರಾಕಿ ಬರುತ್ತಾರಂತೆ. ಅದನ್ನೂ ಎತ್ತಿನ ಜೋಡಿಯನ್ನೂ ಮಾರಿ ಉಳಿದವಕ್ಕೆ ಮೇವು ತರುವುದು, ಮಳೆಗಾಲ ಕಳೆದ ಮೇಲೆ ದಡ್ಡಿ ಮುಚ್ಚುವುದು ಎಂದು ಗಂಡ ಹೆಂಡತಿ ತೀರ್ಮಾನಿಸಿದ್ದರು.

ನನಗೆ ಸಿಟ್ಟು ಬಂತು. ಹಿಂದಿನ ಸಾಲಿನಲ್ಲಿ ಹದಿನೆಂಟು ಕಡಸುಗಳು ಕುದುರೆಯ ಹಾಗೆ ಮಿರಮಿರ ಮಿಂಚುತ್ತ ನಿಂತಿದ್ದವು. ಬೆದೆಗೆ ಬಂದು ಹೋಗಿ, ಮತ್ತೆ ಬಂದು ಹೋಗಿ ಆಗಿತ್ತು. ನಾನು ಕೃತಕ ಗರ್ಭಧಾರಣೆ ಮಾಡುತ್ತೇನೆ ಎಂದಾಗಲೆಲ್ಲ ಬಸವಣ್ಣೆಪ್ಪ ಮುಂದಿನ ತಿಂಗಳು ನೋಡೋಣ ಎಂದು ಜಾರಿಕೊಂಡಿದ್ದ. ಇವನ್ನು ಬಿಟ್ಟು ಮನೆಗೆ ಹಾಲು ಕೊಡುವ ಆಕಳನ್ನು ಮಾರುವುದು ಯಾವ ಬುದ್ಧಿ ಎಂದು ಗದರಿದೆ. ಅವನು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡು ಹೇಳಿದ:

“ಅವು ನಮ್ಮವಲ್ಲರೀ ಅಕ್ಕಾರ. ಸಾಕಾಕ ಕೊಟ್ಟಾರ. ಹಗ್ಗ ಅವರ ಮನ್ಯಾಗ ಐತಿ.”

ಕುಳಿತು ಕೇಳಿದೆ. ಆ ಹದಿನೆಂಟೂ ಹುಲೇಕಲ್, ಕಾನಸೂರು ಸುತ್ತಿನ ತೋಟದ ಮನೆಗಳಿಂದ ಬಂದವು. ಬೇರೆಯವರೆಲ್ಲ ಬೆಲೆ ಮಾತಾಡಿ ಕರು ಕೊಟ್ಟಿದ್ದರೆ, ಈ ಮನೆಗಳವರು ಮಾತ್ರ ಮನೆಯಲ್ಲೇ ಹುಟ್ಟಿದ ಹಸುವಿನ ಕರು ಎಂದು ಬೆಲೆ ಕಟ್ಟಲು ಒಪ್ಪಿರಲಿಲ್ಲ. ಎಲೆ ಅಡಿಕೆ, ಒಂದು ತೆಂಗಿನಕಾಯಿ ತೆಗೆದುಕೊಂಡು, ಸಾಕಲು ಕೊಟ್ಟಿದ್ದೇವೆ ಎಂದು ಹೇಳಿ, ಕೊರಳಿನ ಹಗ್ಗ ಬಿಚ್ಚಿ ಒಳಗಿಟ್ಟುಕೊಂಡು ಕರುವನ್ನು ಬಿಟ್ಟುಕೊಟ್ಟಿದ್ದರು. ಬಸವಣ್ಣೆಪ್ಪನ ಕಡೆ ಸಾಕಲು ಕೊಡುವುದೆಂದರೆ ಪಾಲಿಗೆ ಕೊಡುವುದು. ದನ ಕೊಟ್ಟವರದೇ. ಸಾಕಿದವನಿಗೆ ಹುಟ್ಟುವ ಕರುಗಳಲ್ಲಿ ಪಾಲು. ಮಾರಿದ್ದಾದರೆ ದನದ ಜೊತೆ ಹಗ್ಗವನ್ನೂ ಕೊಂಡವನ ಕೈಗೆ ಇಡಬೇಕು. ಹಣ ಮುಟ್ಟಲಿಲ್ಲ, ಹಗ್ಗ ಬಿಡಲಿಲ್ಲ, ಬಾಯಲ್ಲಿ ಸಾಕಲು ಎಂದರು. ಇನ್ನೇನು ಬೇಕು? ಅವನ ಲೆಕ್ಕಾಚಾರದಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ.

ಹಾಗಾದರೆ ಫೋನ್ ಮಾಡಿ ಕೇಳಬಹುದಿತ್ತಲ್ಲ ಎಂದೆ. ಅದಕ್ಕೂ ಒಂದು ಮರ್ಯಾದೆ ಇತ್ತು. ಪಾಲಿಗೆ ಕೊಟ್ಟವರು ತಾವಾಗಿ ಬಂದು ದನ ನೋಡಿ, ಗರ್ಭ ಕಟ್ಟಿಸುವ, ಮಾರುವ ಮಾತು ಆಡಬೇಕು. ಸಾಕಿದವನು ತಾನೇ ಮಾತು ತೆಗೆದರೆ ಮೇವಿನ ಖರ್ಚು ಕೇಳಿದ ಹಾಗಾಗುತ್ತದೆ. ಅವರು ಬರಲಿ ಎಂದು ಇವನು ಕಾದ. ಒಬ್ಬರೂ ಬರಲಿಲ್ಲ. ಶ್ರೀಮಂತರು ಮರೆತಿದ್ದಾರೆ ಎಂದುಕೊಂಡ. ಮರೆತವರ ದನವನ್ನು ಮಾರಿದರೆ ಅದು ಕಳವು ಎಂದೂ ಅಂದುಕೊಂಡ.

ನೀಲವ್ವ ಆ ಸಾಲಿಗೆ ಹೆಸರನ್ನೂ ಇಟ್ಟಿರಲಿಲ್ಲ. ಉಳಿದವೆಲ್ಲ ಲಕ್ಷ್ಮಿ, ಚಂದ್ರಿ. ಇವು ಮಾತ್ರ ಹುಲೇಕಲ್ಲಿಂದು, ಕಾನಸೂರಿಂದು. ಯಾಕೆಂದು ಕೇಳಿದರೆ ಅವಳು ನನ್ನ ಮುಖ ನೋಡದೆ, “ಮಂದಿ ದನಕ್ಕ ಹೆಸರಿಟ್ರ ಕಳಸೂ ಮುಂದ ಸಂಕಟ ಆಗತೈತ್ರಿ” ಎಂದಳು. ಕೈ ಮಾತ್ರ ಹುಲೇಕಲ್ಲಿನದರ ಕೊರಳ ಗಂಗೆದೊಗಲನ್ನು ಸವರುತ್ತಲೇ ಇತ್ತು.

ಗಿರಾಕಿಗೆ ಒಂದು ವಾರ ತಡೆಯಲು ಹೇಳಿ ಎಂದು ಅವರನ್ನು ಒಪ್ಪಿಸಿದೆ. ಬಸವಣ್ಣೆಪ್ಪನನ್ನು ಜೊತೆಗೆ ಕರೆದರೆ ನಾಚಿಕೆಯಿಂದ ಬರಲೊಲ್ಲ. ಭಾನುವಾರ ನಾನೊಬ್ಬಳೇ ಶಿರಸಿಗೆ ಹೋಗಿ ಹುಲೇಕಲ್ ಬಸ್ಸು ಹತ್ತಿದೆ. ಮೊದಲ ಮನೆ ಸಾವಿತ್ರಕ್ಕನದು. ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು, ಊರಿನ ಹಾಲಿನ ಸಂಘದಲ್ಲೂ ಓಡಾಡುವವರು. ಬಸ್ಸಿನುದ್ದಕ್ಕೂ ಅವರ ಮೇಲೆ ನನ್ನ ಕೋಪ ಕುದಿಯುತ್ತಿತ್ತು. ಬೆಲ್ಲ, ನೀರು ಕೊಡುವಷ್ಟೂ ತಾಳದೆ, ನಿಮ್ಮ ಕಡಸನ್ನು ಇಷ್ಟು ವರ್ಷದಲ್ಲಿ ಒಮ್ಮೆಯೂ ನೋಡಲು ಹೋಗಲಿಲ್ಲವಲ್ಲ, ಆ ಬಡವರು ತಮ್ಮ ಆಕಳನ್ನು ಮಾರಿ ನಿಮ್ಮದಕ್ಕೆ ಮೇವು ಹಾಕಬೇಕೇ ಎಂದುಬಿಟ್ಟೆ.

ಅವರ ಮುಖ ಸಣ್ಣದಾಯಿತು. ಆಮೇಲೆ ಎದ್ದು ನನ್ನನ್ನು ಕೊಟ್ಟಿಗೆಗೆ ಕರೆದುಕೊಂಡು ಹೋದರು. ಒಂದೇ ದನ ಇತ್ತು. ಗೋಡೆಯ ಗೂಟದಲ್ಲಿ ನಾಲ್ಕೈದು ಹಳೆಯ ಕಣ್ಣಿಗಳು. ಕೊರಳಿನ ಹಗ್ಗಕ್ಕೆ ಅಲ್ಲಿ ಕಣ್ಣಿ ಎನ್ನುತ್ತಾರೆ. ದನ ಮನೆ ಬಿಟ್ಟರೂ ಕೊಟ್ಟಿಗೆಯ ಏಳಿಗೆ ಅದರ ಹಿಂದೆ ಹೋಗಬಾರದೆಂದು ಅದನ್ನು ಉಳಿಸಿಕೊಳ್ಳುವುದಂತೆ.

“ದನ ಮಾರಿದ್ದಿ ಹೇಳಲೆ ಬಾಯಿ ಬತ್ತಿಲ್ಲೆ ಡಾಕ್ಟ್ರೇ,” ಎಂದರು ಅವರು. “ಅದಕ್ಕೇ ಸಾಕಲೆ ಕೊಟ್ಟಿದ್ದು ಹೇಳ್ತ್ಯ. ಕೊಟ್ಟಮೇಲೆ ಅದು ಅವರದ್ದೇಯ. ನೋಡಲೆ ಹೋದ್ರೆ ಅದು ಗುರ್ತು ಹಿಡಿದು ಕೂಗ್ತು. ಸಾಕಿದವ್ಕೆ ಎಂತ ಅನ್ಸ್ತು?”

ನಾನು ಅಲ್ಲೇ ಕಲಗಚ್ಚಿನ ಬಾನಿಯ ಕಟ್ಟೆಯ ಮೇಲೆ ಕೂತುಬಿಟ್ಟೆ. ನಗು ಬಂತು, ಅದರ ಬೆನ್ನಿಗೇ ಕಣ್ಣು ತುಂಬಿತು. ಕೊಟ್ಟವರು ಬರಲಿ ಎಂದು ಸಾಕಿದವರು ಸುಮ್ಮನಿದ್ದರು. ಮಾರಿದೆವು ಎನ್ನಲಾಗದೆ ಸಾಕಲು ಎಂದವರು ನೋಡಲು ಹೋಗಬಾರದೆಂದು ಸುಮ್ಮನಿದ್ದರು. ಎರಡೂ ಕಡೆಯವರ ಒಳ್ಳೆಯತನದ ನಡುವೆ ಹದಿನೆಂಟು ಕಡಸುಗಳು ಯಾರದ್ದೂ ಅಲ್ಲದೆ ಕೊಬ್ಬುತ್ತಿದ್ದವು.

ಸಾವಿತ್ರಕ್ಕ ಅಂದೇ ಸಂಜೆಯೊಳಗೆ ಉಳಿದ ಮನೆಗಳಿಗೆಲ್ಲ ಫೋನ್ ಮಾಡಿದರು. ಎಲ್ಲರದೂ ಒಂದೇ ಉತ್ತರ, ಕೊಟ್ಟದ್ದು ಕೊಟ್ಟಾಯಿತು. ಕಾನಸೂರಿನ ಒಂದು ಮನೆಯವರು ಮಾತ್ರ, ಹಾಗೆ ನಮ್ಮದೆಂದೇ ಇಷ್ಟು ದಿನ ಇಟ್ಟುಕೊಂಡಿದ್ದರೆ ವಾಪಸು ಕೊಡಲಿ, ಮೇವಿನ ಖರ್ಚು ಕೊಟ್ಟು ಕರೆದುಕೊಂಡು ಹೋಗುತ್ತೇವೆ ಎಂದರು. ಹಾಗೆಯೇ ಮಾಡಿದರು ಕೂಡ. ಅದೂ ನ್ಯಾಯವೇ.

ಫೋನಿನ ಮಾತು ಬಸವಣ್ಣೆಪ್ಪನಿಗೆ ಸಾಲಲಿಲ್ಲ. ದೊಡ್ಡವರು ದಾಕ್ಷಿಣ್ಯಕ್ಕೆ ಅಂದಿರುತ್ತಾರೆ ಎಂದು ರಾಗ ಎಳೆದ. ಗಿರಾಕಿಯ ವಾಯಿದೆ ಮುಗಿಯಲು ಇನ್ನೆರಡು ದಿನ ಇತ್ತು. ಕೊನೆಗೆ ಸಾವಿತ್ರಕ್ಕ ಹೋಗಬಾರದೆಂಬ ತಮ್ಮ ಮನೆಯ ನಿಯಮವನ್ನು ಮುರಿದು, ಜೀಪು ಮಾಡಿಕೊಂಡು ಕಿರವತ್ತಿಗೆ ಬಂದರು. ಅವರು ಹೆದರಿದ್ದಂತೆಯೇ ಆಯಿತು. ದಡ್ಡಿಯ ಬಾಗಿಲಲ್ಲಿ ದನಿ ಕೇಳಿದ್ದೇ ಆ ಕಡಸು ಕಿವಿ ನಿಮಿರಿಸಿ ಒಂದು ಸಲ ಕೂಗಿತು. ಅವರು ಸೆರಗು ಬಾಯಿಗೆ ಒತ್ತಿಕೊಂಡು ನಿಂತರು. ನೀಲವ್ವ ಹೆಸರೇನೆಂದು ಕೇಳಿದಳು. ಕಪಿಲೆ ಎಂದರು. ಚೀಲದಿಂದ ಹಳೆಯ ಕಣ್ಣಿಯನ್ನು ತೆಗೆದು ನೀಲವ್ವನ ಮುಂದೆ ಹಿಡಿದರು. ಆದರೆ ಕೈಬಿಡಲಾಗಲಿಲ್ಲ.

“ಬರಿ ಕೈಲಿ ಹೋದ್ರೆ ಕೊಟ್ಟಿಗೆಗೆ ಎಂತ ಹೇಳದು?” ಎಂದರು ಮೆಲ್ಲಗೆ.

ನೀಲವ್ವನಿಗೆ ಆ ಮಾತು ಎಷ್ಟು ತಿಳಿಯಿತೋ ಕಾಣೆ, ಕೈ ಮಾತ್ರ ತಿಳಿಯಿತು. ಒಳಗೆ ಹೋಗಿ ತಾನೇ ಹೊಸೆದ ಹೊಸ ಹಗ್ಗವೊಂದನ್ನು ತಂದು ಅವರ ಚೀಲಕ್ಕೆ ಹಾಕಿ, ಹಳೆಯದನ್ನು ಕಣ್ಣಿಗೊತ್ತಿಕೊಂಡು ತೆಗೆದುಕೊಂಡಳು. ಬಸವಣ್ಣೆಪ್ಪ ತಿರುಗಿ ನಿಂತು ಎಲ್ಲೋ ನೋಡುತ್ತಿದ್ದ. ನಂತರ ಗಿರಾಕಿಗೆ ಫೋನ್ ಮಾಡಿ ಆಕಳು ಕೊಡುವುದಿಲ್ಲ ಎಂದ.

ಮುಂದಿನದು ನನ್ನ ಕೆಲಸ. ಹಿಂಡಿಯಂಥ ಸಾಂದ್ರ ಮೇವು ಇಳಿಸಿ, ಒಣಹುಲ್ಲು ಹೆಚ್ಚಿಸಿ, ದಿನವೂ ನಡೆಸಿ ಬೊಜ್ಜು ಕರಗಿಸಿದೆವು. ಬೆದೆ ನೋಡಿ ಗರ್ಭಧಾರಣೆ ಮಾಡಿದೆವು. ಹೆಚ್ಚಿನವು ಗಬ್ಬ ನಿಂತವು, ಕೆಲವು ಸತಾಯಿಸಿದವು, ಒಂದು ಕೊನೆಗೂ ಗೊಡ್ಡಾಗಿಯೇ ಉಳಿಯಿತು. ಅದನ್ನು ನೀಲವ್ವ ಮಾರಲು ಬಿಡಲಿಲ್ಲ, ಗೊಬ್ಬರಕ್ಕಾಯಿತು ಎಂದು ಕಟ್ಟಿಕೊಂಡಳು. ಮಳೆ ಬೇಗ ಬಂದು ಮೇವೂ ಹೇಗೋ ದಾಟಿತು. ವರ್ಷದ ಕೊನೆಗೆ ಹೊರಹೋಗುವ ಅಂಕಿ ಮೇಲೇರಿತು. ಶಿರಸಿಯ ಸಭೆಯಲ್ಲಿ ಅದೇ ಪರದೆಯ ಮೇಲೆ ಅದೇ ಅಧಿಕಾರಿ ಮಾರುಕಟ್ಟೆ ಚೇತರಿಸಿಕೊಂಡಿದೆ ಎಂದು ಗೆರೆಯನ್ನು ಮೇಲಕ್ಕೆಳೆದರು. ನಾನು ಚಹಾ ಕುಡಿದೆ.

ದನಗಳ ಸಂಖ್ಯೆ ಏರುವುದಕ್ಕೆ, ಇಳಿಯುವುದಕ್ಕೆ ರೋಗ, ಮೇವು, ಬೆಲೆ ಎಂದು ನಾವು ಕಾರಣ ಹುಡುಕುತ್ತೇವೆ. ಬಹಳ ಸಲ ಕಾರಣ ಅಲ್ಲೇ ಇರುತ್ತದೆ. ಆದರೆ ಜನ ತಮ್ಮ ದನದ ಬಗ್ಗೆ ಯಾವ ಮಾತು ಆಡುತ್ತಾರೆ, ಯಾವ ಮಾತು ಆಡಲು ಹಿಂಜರಿಯುತ್ತಾರೆ ಎಂದು ಕೇಳದೆ ಎಣಿಸಲು ಹೊರಟರೆ ಎಣಿಕೆ ಸರಿಯಿದ್ದೂ ವರದಿ ಸುಳ್ಳಾಗುತ್ತದೆ. ಮೂವತ್ತು ವರ್ಷದ ನೌಕರಿ ನನಗೆ ಕಲಿಸಿದ್ದರಲ್ಲಿ ಇದು ತಡವಾಗಿ ಬಂದ ಪಾಠ.

ನಿವೃತ್ತಿಯ ತಿಂಗಳು ಕೊನೆಯ ಬಾರಿ ದಡ್ಡಿಗೆ ಹೋದೆ. ಹಿಂದಿನ ಸಾಲಿನಲ್ಲಿ ಕಪಿಲೆ ಕಾಣಲಿಲ್ಲ. ತುಂಬು ಗಬ್ಬದ ದನ, ಒಳ್ಳೆಯ ಬೆಲೆಗೇ ಹೋಗಿರಬೇಕು. ನೀಲವ್ವ ಕಸಬರಿಗೆ ಹಿಡಿದು ಆ ಜಾಗವನ್ನೇ ಮತ್ತೆ ಮತ್ತೆ ಗುಡಿಸುತ್ತಿದ್ದಳು. ಗೋಡೆಯ ಗೂಟದಲ್ಲಿ ಹುಲೇಕಲ್ಲಿನ ಆ ಹಳೆಯ ಕಣ್ಣಿ ನೇತಾಡುತ್ತಿತ್ತು. ನಾನು ಪೆನ್ನು ತೆಗೆದು, ಕಪಿಲೆಯನ್ನು ಮಾರಿದಿರಾ ಎಂದು ಬಸವಣ್ಣೆಪ್ಪನನ್ನು ಕೇಳಿದೆ. ಅವನು ಗೂಟದ ಕಡೆ ನೋಡಿದ, ಹೆಂಡತಿಯ ಕಡೆ ನೋಡಿದ.

“ಇಲ್ರಿ ಅಕ್ಕಾರ,” ಎಂದ. “ಸಾಕಾಕ ಕೊಟ್ಟೀವಿ.”